ಬಟನ್ ಒತ್ತಿ, ಉಳಿದದ್ದು ನಮಗೆ ಬಿಡಿ

2018ರ ಜುಲೈ ತಿಂಗಳು. ಆಪಲ್ ಕಂಪ್ಯೂಟರಿನ ಫೋಟೋಸ್ ಆ್ಯಪ್‌ನಲ್ಲಿ ಫೋಟೋ ಪುಸ್ತಕ ಮಾಡೋಕೆ ಕೂತವರಿಗೆ ಒಂದು ಸಣ್ಣ ಸೂಚನೆ ಕಾಣಿಸಿತು. ಇನ್ನು ಮುಂದೆ ಪುಸ್ತಕ ಬೇಕಿದ್ದರೆ ಬೇರೆ ಕಂಪನಿಯ ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ, ನಮ್ಮಲ್ಲಿ ಆರ್ಡರ್ ಮಾಡೋಕೆ ಸೆಪ್ಟೆಂಬರ್ 30 ಕೊನೆಯ ದಿನ. ಇಷ್ಟೇ ಅದರ ಸಾರಾಂಶ. 16 ವರ್ಷ ನಡೆದ ಸೇವೆಯೊಂದು ಎರಡು ಸಾಲಿನಲ್ಲಿ ಮುಗಿದುಹೋಯ್ತು.

ಹೊಸ ಐಫೋನ್ ಬಂದಾಗ ಆಗುವ ಗದ್ದಲದ ನೂರನೇ ಒಂದು ಪಾಲೂ ಇದಕ್ಕೆ ಆಗಲಿಲ್ಲ. ಆದರೆ ಅದನ್ನು ಬಳಸುತ್ತಿದ್ದವರಿಗೆ ಮಾತ್ರ ನಿಜಕ್ಕೂ ಬೇಜಾರಾಯ್ತು. ಪ್ರತಿ ವರ್ಷ ಮಗುವಿನ ಹುಟ್ಟುಹಬ್ಬಕ್ಕೊಂದು ಪುಸ್ತಕ, ಪ್ರವಾಸಕ್ಕೊಂದು ಪುಸ್ತಕ, ಅಪ್ಪ ಅಮ್ಮನ ಮದುವೆಯ ಐವತ್ತನೇ ವರ್ಷಕ್ಕೊಂದು ಪುಸ್ತಕ ಅಂತ ಶೆಲ್ಫಿನಲ್ಲಿ ಒಂದೇ ಅಳತೆಯ ಪುಸ್ತಕಗಳನ್ನು ಸಾಲಾಗಿ ಜೋಡಿಸಿಟ್ಟವರಿದ್ದರು. ಆ ಸಾಲು ಅಲ್ಲಿಗೆ ನಿಂತಿತು.

"ಫೋಟೋ ಎಲ್ಲ ಇವೆಯಲ್ಲ ಮಾರಾಯ, ಇನ್ನೊಂದು ಕಂಪನಿ ಹತ್ರ ಮಾಡಿಸಿಕೊಂಡ್ರಾಯ್ತು" ಅಂತ ನೀವು ಹೇಳಬಹುದು. ನಾನೂ ಸಾಫ್ಟ್‌ವೇರ್‌ನವನೇ. ಸೇವೆಗಳನ್ನು ಮುಚ್ಚೋದು ನಮ್ಮ ಕಸುಬಿನಲ್ಲಿ ಹೊಸದಲ್ಲ. ಅದಕ್ಕೆ 'ಸನ್‌ಸೆಟ್' ಅಂತ ಚಂದದ ಹೆಸರನ್ನೂ ಇಟ್ಟಿದ್ದೇವೆ. ಆದರೆ ಫೋಟೋ ಪುಸ್ತಕ ಮಾಡುವ ಸೇವೆ ಮುಚ್ಚಿದಾಗ ಹೋಗುವುದು ಫೋಟೋ ಅಲ್ಲ, ಬೇರೆ ಏನೋ. ಅದೇನು ಅಂತ ತಿಳಿಯೋಕೆ ಸ್ವಲ್ಪ ಹಿಂದಕ್ಕೆ, 1843ಕ್ಕೆ ಹೋಗಬೇಕು.

ಇಂಗ್ಲೆಂಡಿನಲ್ಲಿ ಅನ್ನಾ ಆಟ್ಕಿನ್ಸ್ ಅಂತ ಒಬ್ಬ ಸಸ್ಯಶಾಸ್ತ್ರಜ್ಞೆ ಇದ್ದರು. ಸಮುದ್ರದ ಪಾಚಿಗಳನ್ನು ಸಂಗ್ರಹಿಸುವುದು ಅವರ ಹುಚ್ಚು. ಅದರ ಹಿಂದಿನ ವರ್ಷವಷ್ಟೇ ಜಾನ್ ಹರ್ಷೆಲ್ ಎಂಬ ವಿಜ್ಞಾನಿ ಸಯಾನೋಟೈಪ್ ಅನ್ನುವ ವಿಧಾನ ಕಂಡುಹಿಡಿದಿದ್ದ. ಕಬ್ಬಿಣದ ಲವಣ ಸವರಿದ ಕಾಗದದ ಮೇಲೆ ವಸ್ತುವನ್ನಿಟ್ಟು ಬಿಸಿಲಿಗೆ ಹಿಡಿದು, ಆಮೇಲೆ ನೀರಿನಲ್ಲಿ ತೊಳೆದರೆ ಬಿಸಿಲು ಬಿದ್ದ ಜಾಗ ಗಾಢ ನೀಲಿ, ನೆರಳಿದ್ದ ಜಾಗ ಬಿಳಿ. ಸಿವಿಲ್ ಎಂಜಿನಿಯರುಗಳು ಬ್ಲೂಪ್ರಿಂಟ್ ಅಂತಿದ್ದರಲ್ಲ, ಅದೂ ಇದೇ ವಿದ್ಯೆ. ಆಟ್ಕಿನ್ಸ್ ಹೀಗೆ ಒಂದೊಂದೇ ಪುಟವನ್ನು ಬಿಸಿಲಿನಲ್ಲಿ ಮಾಡಿ, 1843ರಿಂದ 1853ರವರೆಗೆ ಕಂತು ಕಂತಾಗಿ ಬ್ರಿಟನ್ನಿನ ಪಾಚಿಗಳ ಪುಸ್ತಕವನ್ನು ಗೆಳೆಯರಿಗೆ, ವಿಜ್ಞಾನಿಗಳಿಗೆ ಹಂಚಿದರು. ಛಾಯಾಚಿತ್ರಗಳಿರುವ ಜಗತ್ತಿನ ಮೊದಲ ಪುಸ್ತಕ ಅಂತ ಅದನ್ನು ಕರೀತಾರೆ. ಅಂದ್ರೆ ಮೊತ್ತಮೊದಲ ಫೋಟೋ ಪುಸ್ತಕವೇ ಒಬ್ಬರು ಸ್ವಂತ ಕೈಯಿಂದ ಮಾಡಿ, ಪರಿಚಯದವರಿಗೆ ಕೊಟ್ಟ ಪುಸ್ತಕ!

ಅದರಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಇನ್ನೊಂದಿದೆ. ಪ್ರತಿ ಪಾಚಿಯ ಹೆಸರನ್ನೂ ಆಕೆ ಕೈಯಲ್ಲೇ ಬರೆದು, ಆ ಕೈಬರಹವನ್ನೂ ಚಿತ್ರದ ಜೊತೆಗೇ ಬಿಸಿಲಿನಲ್ಲಿ ಅಚ್ಚಾಗಿಸಿದರು. ಚಿತ್ರ ಬೇರೆ, ಹೆಸರು ಬೇರೆ ಅಲ್ಲ. ಎರಡೂ ಒಂದೇ ಕಾಗದದಲ್ಲಿ, ಒಂದೇ ನೀಲಿಯಲ್ಲಿ. ಆಕೆ ಹರ್ಷೆಲ್‌ಗೆ ಕೊಟ್ಟ ಪ್ರತಿ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿ ಈಗಲೂ ಇದೆ.

ಮುಂದಿನ ನಿಲ್ದಾಣ 1888. ಜಾರ್ಜ್ ಈಸ್ಟ್‌ಮನ್ ಮೊದಲ ಕೊಡಾಕ್ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದ. ಬೆಲೆ 25 ಡಾಲರ್, ಒಳಗೆ 100 ಚಿತ್ರಕ್ಕಾಗುವ ರೋಲು. ಮುಗಿದ ಮೇಲೆ ಇಡೀ ಕ್ಯಾಮೆರಾವನ್ನೇ ಪೋಸ್ಟಿನಲ್ಲಿ ರೋಚೆಸ್ಟರ್ ಊರಿನ ಕಾರ್ಖಾನೆಗೆ ಕಳಿಸಬೇಕು. 10 ಡಾಲರ್ ಕೊಟ್ಟರೆ ಚಿತ್ರಗಳನ್ನು ತೊಳೆದು, ಹೊಸ ರೋಲು ತುಂಬಿ ವಾಪಸ್ ಕಳಿಸೋರು. 'ನೀವು ಬಟನ್ ಒತ್ತಿ, ಉಳಿದದ್ದು ನಮಗೆ ಬಿಡಿ' ಅನ್ನೋದು ಅವನ ಜಾಹೀರಾತಿನ ಮಾತು. ರಾಸಾಯನಿಕ, ಕತ್ತಲೆ ಕೋಣೆ ಅಂತ ಒದ್ದಾಡುತ್ತಿದ್ದ ಜನಕ್ಕೆ ಇದು ವರವೇ ಸರಿ. ಫೋಟೋ ತೆಗೆಯೋದು ಮನೆಮನೆಯ ಕೆಲಸವಾಗಿದ್ದು ಅಲ್ಲಿಂದ. ಆದರೆ ಅವತ್ತೇ ಒಂದು ಒಪ್ಪಂದವೂ ಆಗಿಹೋಯ್ತು. ಬಟನ್ ನಮ್ಮದು, 'ಉಳಿದದ್ದು' ಕಂಪನಿಯದು.

ಹೆಸರು ಬರೆಯೋದು ಯಾರ ಪಾಲಿಗೆ ಬಂತು? ಯಾರ ಪಾಲಿಗೂ ಇಲ್ಲ. ಇದು ಕೊಡಾಕ್‌ಗೂ ಗೊತ್ತಾಗಿತ್ತು ಅನ್ಸುತ್ತೆ. 1914ರಲ್ಲಿ ಅವರು ಆಟೋಗ್ರಾಫಿಕ್ ಅನ್ನೋ ಕ್ಯಾಮೆರಾ ತಂದರು. ಅದರ ಬೆನ್ನಿಗೆ ಒಂದು ಪುಟ್ಟ ಬಾಗಿಲು. ಫೋಟೋ ತೆಗೆದ ಕೂಡಲೇ ಆ ಬಾಗಿಲು ತೆರೆದು, ಲೋಹದ ಕಡ್ಡಿಯಿಂದ ಯಾರು, ಎಲ್ಲಿ, ಯಾವ ದಿನ ಅಂತ ಬರೆದರೆ ಅದು ಫಿಲ್ಮಿನ ಅಂಚಿನಲ್ಲೇ ಮೂಡುತ್ತಿತ್ತು. ಹೆನ್ರಿ ಗೈಸ್ಮನ್ ಅನ್ನೋನಿಗೆ ಈ ಪೇಟೆಂಟಿಗಾಗಿ ಕೊಡಾಕ್ ಕೊಟ್ಟಿದ್ದು 3 ಲಕ್ಷ ಡಾಲರ್, ಆ ಕಾಲಕ್ಕೆ! ಆದರೂ ಅದು ಬಹಳ ಕಾಲ ಬಾಳಲಿಲ್ಲ. 1930ರ ದಶಕದಲ್ಲಿ ಆ ಫಿಲ್ಮೇ ನಿಂತುಹೋಯ್ತು. ಜನ ಮತ್ತೆ ಫೋಟೋದ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದರು, ಅಥವಾ ಬರೆಯಲೇ ಇಲ್ಲ.

ನಮ್ಮ ಕಡೆ ಬರೆಯದೇ ಇದ್ದವರೇ ಹೆಚ್ಚು. ನಮ್ಮದು ತಿಪಟೂರು ಕಡೆಯ ಹಳ್ಳಿ. ಮನೆಯ ನಡುಮನೆಯಲ್ಲಿ, ಸೂರಿಗೆ ಹತ್ತಿರವಾಗಿ, ಮುಂದಕ್ಕೆ ಬಾಗಿದ ಹಾಗೆ ಮೊಳೆಗೆ ನೇತುಹಾಕಿದ ಫೋಟೋಗಳು. ಯಾರಿಗೂ ಹೆಸರಿಲ್ಲ. ಹೆಸರೆಲ್ಲ ಮನೆಯ ಹಿರಿಯರ ಬಾಯಲ್ಲಿ. ಆಮೇಲೆ ಮದುವೆ ಆಲ್ಬಮ್ ಬಂತು, ಪುಟದ ನಡುವೆ ಜೇಡರ ಬಲೆಯ ಡಿಸೈನಿನ ಬೆಣ್ಣೆ ಕಾಗದ ಇರುತ್ತಿತ್ತಲ್ಲ, ಅದು. ಈಗ ಕರಿಜ್ಮಾ ಆಲ್ಬಮ್. ಹಲಗೆಯಷ್ಟು ದಪ್ಪ, ಹೊರೋಕೆ ಇಬ್ಬರು ಬೇಕು. ವಧುವರರು ಒಂದು ಪುಟದಲ್ಲಿ ತಾಜ್‌ಮಹಲಿನ ಮುಂದೆ, ಇನ್ನೊಂದು ಪುಟದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ, ಮತ್ತೊಂದರಲ್ಲಿ ಚಂದ್ರನ ಮೇಲೆ. ಅವರಿಬ್ಬರ ಹೆಸರು ಮಾತ್ರ ಬಂಗಾರದ ಅಕ್ಷರದಲ್ಲಿ. ಪಕ್ಕದಲ್ಲಿ ನಿಂತು ಅಕ್ಕಿಕಾಳು ಹಾಕ್ತಿರೋ ಮುದುಕ ಯಾರು? ಆಲ್ಬಮ್ ಹೇಳಲ್ಲ.

ಈಗ ಫೋಟೋ ಪುಸ್ತಕದ ಸೇವೆಗಳಿಗೆ ಬರೋಣ. ಇವು ಹುಟ್ಟೋಕೆ ಎರಡು ಸಂಗತಿಗಳು ಕೂಡಿಬರಬೇಕಿತ್ತು. ಒಂದು ಡಿಜಿಟಲ್ ಕ್ಯಾಮೆರಾ. 1975ರಲ್ಲಿ ಅದನ್ನು ಮೊದಲು ಮಾಡಿದ್ದು ಕೊಡಾಕ್‌ನಲ್ಲೇ ಕೆಲಸ ಮಾಡುತ್ತಿದ್ದ ಸ್ಟೀವ್ ಸ್ಯಾಸನ್ ಅನ್ನೋ ಹುಡುಗ. 0.01 ಮೆಗಾಪಿಕ್ಸೆಲ್ಲಿನ ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಬರೆಯೋಕೆ ಅದು 23 ಸೆಕೆಂಡ್ ತಗೊಳ್ತಿತ್ತು. ಇನ್ನೊಂದು, ಅಷ್ಟಾಗಿ ಯಾರೂ ಮಾತಾಡದ ಡಿಜಿಟಲ್ ಮುದ್ರಣ ಯಂತ್ರ.

ಮಾಮೂಲಿ ಆಫ್‌ಸೆಟ್ ಮುದ್ರಣದಲ್ಲಿ ಒಂದು ಬಣ್ಣದ ಪುಟಕ್ಕೆ ನಾಲ್ಕು ಪ್ಲೇಟ್ ಮಾಡಬೇಕು. ಪ್ಲೇಟ್ ಮಾಡಿ, ಯಂತ್ರಕ್ಕೆ ಹೊಂದಿಸಿದ ಮೇಲೆ ಸಾವಿರಗಟ್ಟಲೆ ಪ್ರತಿ ಹೊಡೆದರೆ ಮಾತ್ರ ಕೈಗೆಟುಕುತ್ತೆ. ಒಂದೇ ಒಂದು ಪ್ರತಿ ಬೇಕು ಅಂದ್ರೆ ಪ್ರೆಸ್ಸಿನವರು ನಗ್ತಾರೆ. 1993ರಲ್ಲಿ ಇಸ್ರೇಲಿನ ಬೆನ್ನಿ ಲಾಂಡಾ ಸ್ಥಾಪಿಸಿದ ಇಂಡಿಗೋ ಕಂಪನಿ ಈ ಲೆಕ್ಕವನ್ನೇ ಬದಲಿಸಿತು. ಅವರ ಯಂತ್ರದಲ್ಲಿ ಕಾಯಂ ಪ್ಲೇಟ್ ಇಲ್ಲ. ಸಿಲಿಂಡರ್ ಒಂದು ಸುತ್ತು ಬಂದಾಗಲೆಲ್ಲ ಚಿತ್ರವನ್ನು ವಿದ್ಯುತ್ತಿನಿಂದ ಹೊಸದಾಗಿ ಬರೆದು, ದ್ರವ ಇಂಕಿನಿಂದ ಒತ್ತುತ್ತೆ. ಮೊದಲ ಹಾಳೆಯಲ್ಲಿ ನಿಮ್ಮ ಮಗು, ಎರಡನೇ ಹಾಳೆಯಲ್ಲಿ ಇನ್ಯಾರದೋ ಗೃಹಪ್ರವೇಶ. ಯಂತ್ರಕ್ಕೆ ಎರಡೂ ಒಂದೇ. 2002ರಲ್ಲಿ ಎಚ್‌ಪಿ ಆ ಕಂಪನಿಯನ್ನು ಕೊಂಡಿತು. 'ಒಂದೇ ಪ್ರತಿಯ ಪುಸ್ತಕ' ಅನ್ನೋದು ವ್ಯಾಪಾರವಾಗಲು ದಾರಿಯಾಗಿದ್ದು ಇಂಥ ಯಂತ್ರಗಳಿಂದ.

ಅದೇ 2002ರ ಜನವರಿ 7ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟೀವ್ ಜಾಬ್ಸ್ ಐಫೋಟೋ ಅನ್ನೋ ಸಾಫ್ಟ್‌ವೇರ್ ಪರಿಚಯಿಸಿದ. ಕ್ಯಾಮೆರಾದಿಂದ ಫೋಟೋ ಇಳಿಸಿಕೊಳ್ಳೋದು, ಜೋಡಿಸೋದು, ಕೊನೆಗೆ ಬಟ್ಟೆ ಹೊದಿಕೆಯ ಗಟ್ಟಿ ರಟ್ಟಿನ ಪುಸ್ತಕವಾಗಿ ತರಿಸಿಕೊಳ್ಳೋದು, ಎಲ್ಲ ಒಂದೇ ಕಡೆ. 10 ಪುಟಕ್ಕೆ ಸುಮಾರು 30 ಡಾಲರ್. ಶುರುವಿನಲ್ಲಿ ಆಪಲ್ ಪರವಾಗಿ ಈ ಪುಸ್ತಕಗಳನ್ನು ಅಚ್ಚು ಹಾಕುತ್ತಿದ್ದುದು ಮೈಪಬ್ಲಿಷರ್ ಅನ್ನೋ ಕಂಪನಿ. ಶಟರ್‌ಫ್ಲೈ, ಒಫೋಟೋ ಕಂಪನಿಗಳು 1999ರಲ್ಲೇ ಹುಟ್ಟಿದ್ದವು. ಒಫೋಟೋವನ್ನು 2001ರಲ್ಲಿ ಕೊಡಾಕ್ ಕೊಂಡು, ಮುಂದೆ ಕೊಡಾಕ್ ಗ್ಯಾಲರಿ ಅಂತ ಹೆಸರಿಟ್ಟಿತು.

ಈ ಸಾಫ್ಟ್‌ವೇರ್‌ಗಳು ನಮ್ಮಿಂದ ಎರಡು ಕೆಲಸ ಮಾಡಿಸುತ್ತಿದ್ದವು. ಮೊದಲನೆಯದು ಆಯ್ಕೆ. ಎಂಟುನೂರು ಫೋಟೋ ಇದ್ದರೂ ಪುಟ ನಲವತ್ತೇ. ಪುಟ ಹೆಚ್ಚಾದರೆ ದುಡ್ಡೂ ಹೆಚ್ಚು, ಹಾಗಾಗಿ ಕೂತು ಆರಿಸಲೇಬೇಕು. ಫೋಟೋ ಚಿಕ್ಕದಾಗಿದ್ದರೆ ಐಫೋಟೋ ಒಂದು ಹಳದಿ ತ್ರಿಕೋನ ತೋರಿಸಿ ಎಚ್ಚರಿಸುತ್ತಿತ್ತು. ಇಂಚಿಗೆ 300 ಚುಕ್ಕಿ ಲೆಕ್ಕದಲ್ಲಿ 8ಕ್ಕೆ 10 ಇಂಚಿನ ಪುಟ ತುಂಬಲು 72 ಲಕ್ಷ ಪಿಕ್ಸೆಲ್ ಬೇಕಲ್ಲ, ಅದಕ್ಕೆ. ಎರಡನೆಯದು, ಫೋಟೋದ ಕೆಳಗೆ ಅಥವಾ ಪಕ್ಕದಲ್ಲಿ ಒಂದು ಖಾಲಿ ಡಬ್ಬಿ. 'ಇಲ್ಲಿ ಏನಾದರೂ ಬರೆಯಿರಿ' ಅಂತ ಅದು ಕಾಯ್ತಾ ಕೂತಿರುತ್ತಿತ್ತು. ಖಾಲಿ ಬಿಟ್ಟರೆ ಪುಟ ಬೋಳು ಬೋಳಾಗಿ ಕಾಣುತ್ತೆ. ಹಾಗಾಗಿ ಜೀವಮಾನದಲ್ಲಿ ಒಂದು ಸಾಲೂ ಬರೆಯದವರು ಅಲ್ಲಿ ಬರೆದರು. ಆಟ್ಕಿನ್ಸ್ ಕೈಬರಹದಲ್ಲಿ ಮಾಡಿದ್ದನ್ನು, ಆಟೋಗ್ರಾಫಿಕ್ ಕ್ಯಾಮೆರಾ ಪುಟ್ಟ ಬಾಗಿಲಿನಿಂದ ಮಾಡಿಸಲು ನೋಡಿದ್ದನ್ನು, ಈ ಖಾಲಿ ಡಬ್ಬಿ ಮಾಡಿಸಿತು.

ನಾನೂ ಬರೆದೆ. 2013ರಲ್ಲಿ ಡೆಪ್ಯುಟೇಷನ್ ಮೇಲೆ ಅಮೆರಿಕಕ್ಕೆ ಹೋಗುವ ಮುಂಚೆ, ನಮ್ಮೂರಿನ ಹಳೇ ತೊಟ್ಟಿಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟುವ ಮಾತು ನಡೆದಿತ್ತು. ಎರಡು ವಾರ ರಜೆ ಹಾಕಿ ಮನೆಯ ಮೂಲೆ ಮೂಲೆಯ ಫೋಟೋ ತೆಗೆದೆ. ಗೋಡೆಯ ಮೇಲಿನ ಹಳೇ ಫೋಟೋಗಳನ್ನೆಲ್ಲ ಸ್ಕ್ಯಾನ್ ಮಾಡಿಸಿದೆ. ಅದರಲ್ಲೊಂದು ಗುಂಪು ಫೋಟೋ, ನಮ್ಮಜ್ಜಿಯ ಮೈದುನನ ಮದುವೆಯದ್ದು, 23 ಜನ ಇದ್ದಾರೆ. ಅಜ್ಜಿ ಬೆರಳಿಟ್ಟು ಒಬ್ಬೊಬ್ಬರ ಹೆಸರೂ ಹೇಳಿದರು. "ಇವನು ಕೊಬ್ಬರಿ ವ್ಯಾಪಾರ ಮಾಡಿ ಮುಳುಗಿದ. ಇವಳು ನನ್ನ ಜೊತೆ ಬಾವಿಗೆ ಬರ್ತಿದ್ಲು, ಬಾಣಂತಿಯಾಗಿದ್ದಾಗ ಹೋದ್ಲು." ಅಮೆರಿಕದಲ್ಲಿ ಕೂತು ಇದನ್ನೆಲ್ಲ ಒಂದು ಆನ್‌ಲೈನ್ ಸೇವೆಯಲ್ಲಿ ಪುಸ್ತಕ ಮಾಡಿದೆ. ಆ ಕಂಪನಿಯ ಹೆಸರು ಇಲ್ಲಿ ಬೇಡ. ಅದರ ಡಬ್ಬಿಯಲ್ಲಿ ಕನ್ನಡ ಹಾಕಿದರೆ ಒತ್ತಕ್ಷರ ಎಲ್ಲ ಪಕ್ಕಕ್ಕೆ ಬಿದ್ದು ಒದ್ದಾಡುತ್ತಿದ್ದವು. ಹಾಗಾಗಿ 23 ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿದೆ. ಒಂದು ಪ್ರತಿ ತರಿಸಿ ಊರಿಗೆ ಕಳಿಸಿದೆ. ಅಜ್ಜಿ ಅದನ್ನು ದೇವರ ಗೂಡಿನ ಪಕ್ಕ ಇಟ್ಟುಕೊಂಡಿದ್ದರಂತೆ.

2016ರಲ್ಲಿ ಅಜ್ಜಿ ತೀರಿಕೊಂಡರು. ಮುಂದಿನ ವರ್ಷ ಆ ಸೇವೆಯಿಂದ ಇಮೇಲ್ ಬಂತು. ಇಷ್ಟು ದಿನ ಜೊತೆಗಿದ್ದಕ್ಕೆ ಧನ್ಯವಾದ, ನಿಮ್ಮ ಫೋಟೋಗಳೆಲ್ಲ ಸುರಕ್ಷಿತ, ಡೌನ್‌ಲೋಡ್ ಮಾಡಿಕೊಳ್ಳಿ. ಮಾಡಿಕೊಂಡೆ. ಜಿಪ್ ಫೈಲಿನಲ್ಲಿ ಫೋಟೋಗಳೆಲ್ಲ ಬಂದವು, ಅಂಕಿಗಳನ್ನೇ ಹೆಸರಾಗಿ ಹೊತ್ತು. ಪುಸ್ತಕ ಮಾತ್ರ ಬರಲಿಲ್ಲ.

ಯಾಕೆ ಬರಲ್ಲ ಅನ್ನೋದು ನಮ್ಮ ಕಸುಬಿನವರಿಗೆ ಸುಲಭವಾಗಿ ಅರ್ಥವಾಗುತ್ತೆ. ಆ ಸೇವೆಯ ದೃಷ್ಟಿಯಲ್ಲಿ ನಮ್ಮ ಪುಸ್ತಕ ಅಡುಗೆಯಲ್ಲ, ಅಡುಗೆ ಮಾಡುವ ಚೀಟಿ. ಇಂಥ ಫೋಟೋವನ್ನು ಇಷ್ಟನೇ ಪುಟದಲ್ಲಿ, ಇಷ್ಟು ಕತ್ತರಿಸಿ, ಇಲ್ಲಿಡು. ಈ ಅಕ್ಷರಗಳನ್ನು ಈ ಫಾಂಟಿನಲ್ಲಿ ಅದರ ಕೆಳಗೆ ಬರೆ. ಆ ಚೀಟಿ ಅವರ ಸಾಫ್ಟ್‌ವೇರಿಗೆ ಮಾತ್ರ ಓದೋಕೆ ಬರುತ್ತೆ. ಆಯ್ಕೆ, ಅನುಕ್ರಮ, ಹೆಸರು, ಅಂದರೆ ನಾವು ನಿಜವಾಗಿ ಕೂತು ಮಾಡಿದ ಕೆಲಸವೆಲ್ಲ ಇರುವುದು ಆ ಚೀಟಿಯಲ್ಲೇ. ಅಡುಗೆಮನೆ ಮುಚ್ಚಿದ ಮೇಲೆ ಚೀಟಿ ಇಟ್ಟುಕೊಂಡು ಏನು ಮಾಡೋದು?

ಇಂಥದ್ದು ಕಂಪ್ಯೂಟರಿಗಿಂತ ಮುಂಚೆಯೂ ಆಗುತ್ತಿತ್ತು. ಕೊಡಾಕ್‌ನವರದೇ ಕೊಡಾಕ್ರೋಮ್ ಅನ್ನೋ ಬಣ್ಣದ ಫಿಲ್ಮ್ ಇತ್ತು, 1935ರದ್ದು. ಬಣ್ಣ ಬಹಳ ವರ್ಷ ಮಾಸುತ್ತಿರಲಿಲ್ಲ ಅಂತ ಹೆಸರುವಾಸಿ. ಆದರೆ ಅದನ್ನು ತೊಳೆಯುವ ವಿಧಾನ ಎಷ್ಟು ಜಟಿಲ ಅಂದ್ರೆ, ಮನೆಯಲ್ಲಾಗಲಿ ಬೀದಿ ಕೊನೆಯ ಸ್ಟುಡಿಯೋದಲ್ಲಾಗಲಿ ಆಗುತ್ತಿರಲಿಲ್ಲ. 2009ರಲ್ಲಿ ಫಿಲ್ಮ್ ತಯಾರಿಕೆ ನಿಂತಿತು. ಕೊನೆಗೆ ಜಗತ್ತಿನಲ್ಲಿ ಅದನ್ನು ತೊಳೆಯುವ ಲ್ಯಾಬ್ ಒಂದೇ ಉಳಿಯಿತು, ಅಮೆರಿಕದ ಕ್ಯಾನ್ಸಸ್ ರಾಜ್ಯದ ಪಾರ್ಸನ್ಸ್ ಅನ್ನೋ ಸಣ್ಣ ಊರಿನ ಡ್ವೇನ್ಸ್ ಫೋಟೋ. ಅವರೂ 2010ರ ಡಿಸೆಂಬರ್ 30 ಕೊನೆಯ ದಿನ ಅಂದರು. ಅದಾದ ಮೇಲೆ ಯಾರದಾದರೂ ಬೀರುವಿನಲ್ಲಿ ತೊಳೆಯದ ರೋಲು ಸಿಕ್ಕರೆ, ಅದರೊಳಗಿನ ಚಿತ್ರವನ್ನು ಅದರ ಬಣ್ಣದಲ್ಲಿ ನೋಡುವ ದಾರಿ ಮುಚ್ಚಿತು. ತೊಳೆದಿಟ್ಟ ಸ್ಲೈಡುಗಳು ಮಾತ್ರ ಇವತ್ತಿಗೂ ಹೊಳೆಯುತ್ತಿವೆ. ಕೊನೆಯ ಹಂತದವರೆಗೆ ಬಂದದ್ದು ಉಳಿಯಿತು, ನಡುದಾರಿಯಲ್ಲಿದ್ದದ್ದು ಹೋಯಿತು.

ಫೋಟೋ ಪುಸ್ತಕದ ಸೇವೆಗಳೂ ಒಂದೊಂದಾಗಿ ಹೋದವು. 2012ರ ಜನವರಿಯಲ್ಲಿ ಕೊಡಾಕ್ ದಿವಾಳಿ ಅರ್ಜಿ ಹಾಕಿತು. ಏಳೂವರೆ ಕೋಟಿ ಬಳಕೆದಾರರಿದ್ದ ಕೊಡಾಕ್ ಗ್ಯಾಲರಿಯನ್ನು ಶಟರ್‌ಫ್ಲೈ 2.38 ಕೋಟಿ ಡಾಲರಿಗೆ ಕೊಂಡಿತು. ಜುಲೈ 2ಕ್ಕೆ ಬಾಗಿಲು ಮುಚ್ಚಿತು. ಲೆಕ್ಕ ಹಾಕಿದರೆ ತಲೆಗೆ ಒಂದು ಡಾಲರಿನ ಮೂರನೇ ಒಂದು ಭಾಗವೂ ಇಲ್ಲ. ಆಪಲ್‌ಗೆ ಮೊದಲು ಪುಸ್ತಕ ಮಾಡಿಕೊಟ್ಟ ಮೈಪಬ್ಲಿಷರನ್ನೂ ಶಟರ್‌ಫ್ಲೈ ಕೊಂಡು, 2017ರಲ್ಲಿ ಮುಚ್ಚಿತು. ಮರುವರ್ಷ ಆಪಲ್ ಸರದಿ. ಆ ವರ್ಷ ಆಪಲ್ ಆದಾಯ 26,500 ಕೋಟಿ ಡಾಲರಿಗಿಂತ ಹೆಚ್ಚು. ಅಂಥ ಕಂಪನಿಯ ಖಾತೆ ಪುಸ್ತಕದಲ್ಲಿ 30 ಡಾಲರಿನ ಫೋಟೋ ಪುಸ್ತಕ ಯಾರ ಕಣ್ಣಿಗೆ ಬೀಳುತ್ತೆ ಹೇಳಿ? ನಾವೆಲ್ಲ ದಿನಾ ನೋಡೋ ಡ್ಯಾಶ್‌ಬೋರ್ಡುಗಳೂ ಹಾಗೇ ತಾನೇ? ಎಷ್ಟು ಜನ ಬಳಸಿದರು ಅಂತ ತೋರಿಸುತ್ತವೆ. ಬಳಸಿದವರಲ್ಲಿ ಒಬ್ಬ ಅಜ್ಜಿಯ ಬಾಯಿಂದ 23 ಹೆಸರು ಬರೆದುಕೊಂಡ ಅನ್ನೋದಕ್ಕೆ ಅಲ್ಲಿ ಕಾಲಮ್ ಇಲ್ಲ.

ಅಷ್ಟರಲ್ಲಿ ನಾವೂ ಬದಲಾಗಿದ್ದೆವು. 2015ರಲ್ಲಿ ಗೂಗಲ್ ಫೋಟೋಸ್ ಬಂತು, ಎಷ್ಟು ಬೇಕಾದರೂ ಇಟ್ಟುಕೊಳ್ಳಿ ಅಂದಿತು. 2021ರ ಜೂನ್‌ನಿಂದ ಆ ಉದಾರತೆಯೂ ನಿಂತಿತು, ಅದು ಬೇರೆ ಮಾತು. ಈಗ ಆಯ್ಕೆ ಮಾಡೋ ಅಗತ್ಯವೇ ಇಲ್ಲ. ಮುಖ ಗುರುತಿಸೋದು, ನೆನಪು ಅಂತ ವಿಡಿಯೋ ಮಾಡಿ ಮ್ಯೂಸಿಕ್ ಹಾಕಿಕೊಡೋದು ಎಲ್ಲ ಫೋನೇ ಮಾಡುತ್ತೆ. ಈಸ್ಟ್‌ಮನ್ ಮಾತನ್ನು ಇಷ್ಟು ಪೂರ್ತಿಯಾಗಿ ನಡೆಸಿಕೊಟ್ಟವರು ಇನ್ನೊಬ್ಬರಿಲ್ಲ. ಆದರೆ ಕೊಬ್ಬರಿ ವ್ಯಾಪಾರದಲ್ಲಿ ಮುಳುಗಿದವನು ಯಾರು ಅಂತ ಫೋನಿಗೆ ಹೇಗೆ ಗೊತ್ತಾಗಬೇಕು?

ನಮ್ಮ ಪುಸ್ತಕದ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಮೈಸೂರಿನಲ್ಲಿರೋ ತಂಗಿಗೆ ಅದರದ್ದೊಂದು ಪ್ರತಿ ಬೇಕಿತ್ತು. ಊರಲ್ಲಿದ್ದ ಪುಸ್ತಕವನ್ನೇ ತಿಪಟೂರಿನ ಒಂದು ಸ್ಟುಡಿಯೋಗೆ ಒಯ್ದೆ. ದಿನಾ ಕರಿಜ್ಮಾ ಆಲ್ಬಮ್ ಮಾಡೋ ಹುಡುಗ. ಒಂದೊಂದೇ ಪುಟ ಸ್ಕ್ಯಾನ್ ಮಾಡಿದ, ಜಿಪ್‌ನಲ್ಲಿದ್ದ ಒಳ್ಳೇ ಫೋಟೋಗಳನ್ನು ಆಯಾ ಜಾಗಕ್ಕೆ ಕೂರಿಸಿದ. "ಹೆಸರು ಇಂಗ್ಲಿಷಲ್ಲೇ ಇರ್ಲಾ ಸಾರ್?" ಅಂತ ಕೇಳಿದ. ಬೇಡ ಅಂದೆ. ಇಬ್ಬರೂ ಕೂತು 23 ಹೆಸರನ್ನೂ ಕನ್ನಡದಲ್ಲಿ ಟೈಪ್ ಮಾಡಿದೆವು. ಒತ್ತಕ್ಷರಗಳು ಈ ಸಲ ತಮ್ಮ ತಮ್ಮ ಜಾಗದಲ್ಲೇ ಕೂತವು. ಮೂರು ಪ್ರತಿ ಮಾಡಿಸಿದೆ. ಆ ಕಂಪನಿಯ ಸರ್ವರ್‌ನಿಂದ ಮರಳಿ ಸಿಗದೇ ಹೋದದ್ದು ಅಜ್ಜಿಯ ಗೂಡಿನ ಪಕ್ಕದ ಕಾಗದದಿಂದ ಸಿಕ್ಕಿತು.

ಹಾಗಂತ ಆನ್‌ಲೈನ್ ಸೇವೆ ಬಳಸಬೇಡಿ ಅಂತ ನಾನು ಹೇಳ್ತಿಲ್ಲ. ಬಳಸಿ. ಅವು ಇಲ್ಲದಿದ್ದರೆ ನಾನು ಆ ಹೆಸರುಗಳನ್ನು ಎಲ್ಲೂ ಬರೆಯುತ್ತಿರಲಿಲ್ಲ. ಆದರೆ ಪುಸ್ತಕ ಮುಗಿದ ದಿನವೇ ಅದರದ್ದೊಂದು ಪಿಡಿಎಫ್ ಇಳಿಸಿಕೊಳ್ಳಿ. ಐಫೋಟೋದಲ್ಲಿ ಪುಸ್ತಕವನ್ನು ಪಿಡಿಎಫ್ ಆಗಿ ಉಳಿಸುವ ಅವಕಾಶ ಇತ್ತು. ಹಾಗೆ ಉಳಿಸಿಕೊಂಡವರ ಪುಸ್ತಕ 2018ರ ನಂತರವೂ ಯಾವ ಪ್ರೆಸ್ಸಿಗೆ ಬೇಕಾದರೂ ಹೋಗಬಲ್ಲದು. ಪಿಡಿಎಫ್ ಕೊಡದ ಸೇವೆಯಾದರೆ ಪ್ರತಿ ಪುಟದ ಸ್ಕ್ರೀನ್‌ಶಾಟ್ ಆದರೂ ಇರಲಿ. ಒಂದರ ಬದಲು ಎರಡು ಪ್ರತಿ ತರಿಸಿ, ಒಂದು ಊರಲ್ಲಿ, ಒಂದು ನಿಮ್ಮ ಫ್ಲಾಟಿನಲ್ಲಿ. ಗೆದ್ದಲು, ಮಳೆ, ಕಂಪನಿ ಮೂರೂ ಒಂದೇ ದಿನ ಬರೋದಿಲ್ಲ.

ಅದಕ್ಕಿಂತ ಮೊದಲ ಕೆಲಸ ಒಂದಿದೆ, ಅದಕ್ಕೆ ಯಾವ ಆ್ಯಪೂ ಬೇಡ. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಸೂರಿನ ಹತ್ತಿರದ ಆ ಗುಂಪು ಫೋಟೋ ಇಳಿಸಿ, ಧೂಳು ಒರೆಸಿ, ಮನೆಯಲ್ಲಿ ಹಿರಿಯರು ಯಾರಿದ್ದಾರೋ ಅವರ ಪಕ್ಕ ಕೂತ್ಕೊಳ್ಳಿ. ಎಡಗಡೆಯಿಂದ ಶುರುಮಾಡಿ, ಒಬ್ಬೊಬ್ಬರನ್ನೇ ಕೇಳಿ, ಒಂದು ಹಾಳೆಯಲ್ಲಿ ಬರ್ಕೊಳ್ಳಿ. ಪುಸ್ತಕ ಆಮೇಲೆ ಮಾಡಿದರಾಯ್ತು. ನಿಮ್ಮ ಮನೆಯ ಗುಂಪು ಫೋಟೋದಲ್ಲಿ ಎಷ್ಟು ಜನರ ಹೆಸರು ನಿಮಗೆ ಗೊತ್ತಿದೆ?